ಬಟನ್ ಕಳಿಸಿದ ಸೊಸೆ

ನನ್ನ ಹೆಂಡತಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಮೊದಲೆಲ್ಲ ಉದ್ದುದ್ದ ವಿವರಿಸುತ್ತಿದ್ದೆ. ಈಗ ಒಂದೇ ಮಾತು: ಜನರನ್ನು ಕಾಯಿಸುವುದು. ಕಂಪನಿಯವರು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಕಡ್ಡಾಯವಾಗಿ ನೋಡಿಸುವ ಪಾಠಗಳಿರುತ್ತವಲ್ಲ, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು, ಏಣಿ ಹತ್ತುವಾಗ ಎಲ್ಲಿ ಹಿಡಿಯಬೇಕು, ಪಕ್ಕದ ಮೇಜಿನವರ ಜೊತೆ ಹೇಗೆ ಮಾತಾಡಬಾರದು ಎಂಬಂಥವು, ಅವುಗಳಲ್ಲಿ ಒಂದೊಂದು ಸ್ಲೈಡಿಗೂ 'ಮುಂದೆ' ಎಂಬ ಬಟನ್ ಯಾವಾಗ ಕಾಣಿಸಬೇಕು, ಎಷ್ಟು ಹೊತ್ತು ಇರಬೇಕು ಎಂದು ತೀರ್ಮಾನಿಸುವವಳು ಇವಳು. ನೀವು ಎಂದಾದರೂ ಅಂಥ ಪಾಠದ ಮುಂದೆ ಕೂತು, ಓದಿ ಮುಗಿಸಿ, ಬಟನ್ ಬಾರದೆ ಹಲ್ಲು ಕಡಿದಿದ್ದರೆ ಆ ಶಾಪ ತಲುಪಬೇಕಾದ ವಿಳಾಸ ನಮ್ಮ ಮನೆಯದು.

ಅವಳ ಆಫೀಸು ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದೆ. ಪಾಠಕ್ಕೆ ದನಿ ಕೊಡುವಾತ ಸದ್ದು ತಡೆಯಲೆಂದು ಹಳೆಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿದ ಗೂಡಿನಂಥ ಕೋಣೆಯಲ್ಲಿ ಕೂರುತ್ತಾನೆ. ಅಲ್ಲಿ ಫ್ಯಾನ್ ಹಾಕಿದರೆ ಸದ್ದು, ಹಾಕದಿದ್ದರೆ ಸೆಖೆ. ಹಾಗಾಗಿ ಬನಿಯನ್ನಿನಲ್ಲಿ ಕೂತು "ಸುರಕ್ಷತಾ ಉಡುಪು ಧರಿಸದೆ ಒಳಗೆ ಬರಬೇಡಿ" ಎಂದು ಗಂಭೀರವಾಗಿ ಓದುತ್ತಾನೆ. ಆ ದನಿ ಇವಳ ಕಂಪ್ಯೂಟರಿಗೆ ಬರುತ್ತದೆ. ಪರದೆಯ ಕೆಳಭಾಗದಲ್ಲಿ ದನಿಗೊಂದು ಪಟ್ಟಿ, ಚಿತ್ರಕ್ಕೊಂದು ಪಟ್ಟಿ, ಬಟನ್ನಿಗೊಂದು ಪಟ್ಟಿ. ಇವಳು ಹೆಡ್‌ಫೋನ್ ಹಾಕಿಕೊಂಡು, ತಲೆಯಾಡಿಸುತ್ತಾ, ಆ ಪಟ್ಟಿಗಳನ್ನು ಕೂದಲೆಳೆಯಷ್ಟು ಆಚೆ ಈಚೆ ಜರುಗಿಸುತ್ತಾ ದಿನ ಕಳೆಯುತ್ತಾಳೆ. ಆಫೀಸಿನಲ್ಲಿ ಇವಳಿಗೆ 'ತಡೀರಿ ಮೇಡಂ' ಎಂದೇ ಹೆಸರು. ಯಾರು ಏನೇ ತಂದು ತೋರಿಸಲಿ, ಇವಳ ಬಾಯಿಂದ ಬರುವ ಮೊದಲ ಮಾತು ಅದು.

ಮನೆಯಲ್ಲೂ ಬೇರೆಯೇನಿಲ್ಲ. ಏನಾದರೂ ಕೇಳಿದರೆ ಇವಳು ಮೊದಲು ಸುಮ್ಮನಾಗುತ್ತಾಳೆ. ಉತ್ತರ ಹೊಳೆಯದೆ ಅಲ್ಲ. ಹೊಳೆದ ಮೇಲೂ ಅದನ್ನು ಒಳಗೇ ಒಮ್ಮೆ ಹೇಳಿಕೊಂಡು, ಸರಿಯಿದೆಯೇ ನೋಡಿ, ಆಮೇಲೆ ಹೊರಗೆ ಬಿಡುವ ಅಭ್ಯಾಸ. ಮದುವೆ ಆಗೋಣವಾ ಎಂದು ನಾನು ಕೇಳಿದ ದಿನ ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ, ಇದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದುಕೊಂಡು ನಾನು ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲು ತೆರೆದಿದ್ದೆ. ಆಗ ಹಿಂದಿನಿಂದ "ಆಗಲಿ" ಎಂಬ ಮಾತು ಬಂತು. ಇನ್ನೊಂದು ಹೆಜ್ಜೆ ಚುರುಕಾಗಿ ನಡೆದಿದ್ದರೆ ನಾನು ಈಗಲೂ ಬ್ರಹ್ಮಚಾರಿಯಾಗಿ ನನ್ನ ಕನ್ನಡಕದಂಗಡಿಯಲ್ಲಿ ಒಬ್ಬನೇ ಗಾಜು ಒರೆಸುತ್ತಾ ಕೂತಿರುತ್ತಿದ್ದೆ.

ಇನ್ನು ನಮ್ಮಪ್ಪ. ದೊಡ್ಡ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಮುಂದೆ ಎರಡು ಕಬ್ಬಿಣದ ಕೈ ಚಾಚಿಕೊಂಡು ಪೆಟ್ಟಿಗೆಗಳ ರಾಶಿಯನ್ನೇ ಎತ್ತಿಕೊಂಡು ಹೋಗುತ್ತದಲ್ಲ, ಆ ಗಾಡಿ. ಪ್ರತಿ ತಿರುವಿನಲ್ಲೂ, ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ, ಹಾರ್ನ್ ಹೊಡೆಯುವುದರಿಂದ ಅಲ್ಲಿ ಅವನು ಎಲ್ಲರಿಗೂ ಹಾರ್ನಣ್ಣ. ಅವನಿಗೆ ಇನ್ನೊಂದು ಚಟವಿದೆ: ಬರೆದಿದ್ದು ಏನೇ ಕಣ್ಣಿಗೆ ಬಿದ್ದರೂ ಜೋರಾಗಿ, ಪೂರ್ತಿಯಾಗಿ ಓದುವುದು. ಸೋಪಿನ ಹೊದಿಕೆ, ಬಸ್ ಟಿಕೆಟ್ಟಿನ ಹಿಂಭಾಗ, ಅಂಗಡಿಯ ಬೋರ್ಡು, ಯಾವುದನ್ನೂ ಬಿಡುವವನಲ್ಲ. ಕೆಮ್ಮಿನ ಔಷಧಿ ಕುಡಿಯುವ ಮುನ್ನ "ಬಳಸುವ ಮೊದಲು ಚೆನ್ನಾಗಿ ಅಲುಗಾಡಿಸಿ" ಎಂದು ಬೀದಿಗೆ ಕೇಳುವ ಹಾಗೆ ಓದಿ, ಆಮೇಲೆ ಅಲುಗಾಡಿಸುತ್ತಾನೆ. ಸೊಸೆಯ ಕೆಲಸದ ಬಗ್ಗೆ ಅವನಿಗೆ ಗೊತ್ತಿದ್ದುದು ಇಷ್ಟೇ: ಅವಳು ಕಂಪ್ಯೂಟರಿನಲ್ಲಿ ಏನೋ ಚಿತ್ರ ಜೋಡಿಸುತ್ತಾಳೆ, ಪಾಪ, ಕಣ್ಣಿಗೆ ಆಯಾಸ.

ಹೀಗಿರುವಾಗ ಗೋದಾಮಿನಲ್ಲಿ ಹೊಸ ನಿಯಮ ಬಂತು. ಗಾಡಿ ಓಡಿಸುವವರೆಲ್ಲ ಫೋನಿನಲ್ಲಿ ಸುರಕ್ಷತೆಯ ಪಾಠ ನೋಡಿ, ಕೊನೆಯ ಪರೀಕ್ಷೆ ಪಾಸಾಗಬೇಕು. ಆಗದವರು ಗಾಡಿಯಿಂದ ಇಳಿದು ಪ್ಯಾಕಿಂಗ್ ಮೇಜಿಗೆ ಹೋಗಬೇಕು. ಅಪ್ಪನ ಕಣ್ಣಿನಲ್ಲಿ ಪ್ಯಾಕಿಂಗ್ ಮೇಜು ಎಂದರೆ ಜೀವಂತ ಸಮಾಧಿ. "ಗಾಡಿ ಓಡಿಸಿದ ಕೈ ಇದು. ಡಬ್ಬಕ್ಕೆ ಟೇಪ್ ಅಂಟಿಸ್ಕೊಂಡು ಕೂರೋಕಾಗುತ್ತಾ?" ಎನ್ನುತ್ತಾ ಅವತ್ತು ಸಂಜೆ ಊಟದ ಮೇಜಿನ ಮುಂದೆ ಫೋನ್ ಹಿಡಿದು ಕೂತ.

ಪಾಠ ಶುರುವಾಯಿತು. ಬನಿಯನ್ನಿನವನ ದನಿ ಕೇಳಿದ ಕೂಡಲೇ ನನಗೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಹಿಂದೆಯೇ ಮೂಲೆ ದುಂಡಗಿನ ಹಸಿರು ಬಟನ್ ಬಂತು. ಆ ಹಸಿರು ಎಳೆಯದಿರಬೇಕೋ ಕಡುವಾಗಿರಬೇಕೋ ಎಂದು ಇವಳು ವಾರವಿಡೀ ನನ್ನ ತಲೆ ತಿಂದಿದ್ದಳು. ಅದೇ ಮೇಜಿನಲ್ಲಿ ಕೂತು ಬೀನ್ಸ್ ಹೆಚ್ಚುತ್ತಿದ್ದ ಇವಳ ಚಾಕು ನಿಂತಿತು.

ಅಪ್ಪ ಸ್ಲೈಡನ್ನು ಮೇಲಿನ ತುದಿಯಿಂದ ಓದಲು ಹಿಡಿದ. ತಲೆಬರಹ ಓದಿದ, ವಿಷಯ ಓದಿದ, ಚಿತ್ರದ ಪೆಟ್ಟಿಗೆಯ ಮೇಲೆ 'ಭಾರ' ಎಂದು ಬರೆದಿದ್ದನ್ನೂ ಓದಿದ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಿಗೆ ಬಂದ. "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ. ತಾಂತ್ರಿಕ ತೊಂದರೆ ಇದ್ದಲ್ಲಿ ಕರೆ ಮಾಡಬೇಕಾದ..." ಎನ್ನುವಷ್ಟರಲ್ಲಿ ಸ್ಲೈಡು ತಾನಾಗಿಯೇ ಜಾರಿಹೋಗಿ 'ಸಮಯ ಮುಗಿದಿದೆ, ಮೊದಲಿನಿಂದ ಆರಂಭಿಸಿ' ಎಂದು ಬಂತು.

"ಎಲಾ ಇವನ!" ಅಪ್ಪ ಫೋನನ್ನು ಮೇಜಿನ ಮೇಲೆ ಕುಕ್ಕಿದ. "ಓದೋಕೆ ಬಿಡ್ದೆ ಓಡ್ತಾನಲ್ಲ! ಇದನ್ನ ಮಾಡಿದವನ ಮನೆ ಹಾಳಾಗ! ಇಂಥವನಿಗೆ ಊಟ ಹಾಕೋರು ಯಾರೋ?"

ಮಾಡಿದ್ದು ಗಂಡಸೇ ಎಂಬುದರಲ್ಲಿ ಅಪ್ಪನಿಗೆ ಅನುಮಾನವೇ ಇರಲಿಲ್ಲ. "ಊಟ ನಮ್ಮ ಮನೇದೇ ಅಪ್ಪ, ಅದನ್ನ ಮಾಡಿದ್ದು..." ಎಂದು ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಇವಳ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಕೂತಿತು. ನಾನು ಬಾಯಿ ಮುಚ್ಚಿದೆ. ಒಂದು ಸಲ ಮನೆ ಹಾಳಾಗಲಿ ಎಂದು ಬೈಸಿಕೊಂಡ ಮೇಲೆ "ಅದು ನಾನೇ ಮಾವ" ಎನ್ನುವುದು ಎಷ್ಟು ಕಷ್ಟ ಎಂದು ಯಾರಿಗಾದರೂ ಅರ್ಥವಾಗುತ್ತದೆ.

ಮಾರನೆಯ ದಿನವೂ ಅದೇ ಕತೆ. ಅಪ್ಪ ತನ್ನ ಕಣ್ಣನ್ನು ದೂರಿದ. ನಾನು ಅಂಗಡಿಯಿಂದ ಹೊಸ ಗಾಜು ಹಾಕಿಸಿ ತಂದೆ. ಈಗ ಇನ್ನೂ ಸ್ಪಷ್ಟವಾಗಿ ಕಾಣಿಸಿದ್ದರಿಂದ ಇನ್ನೂ ಹೆಚ್ಚು ಓದಿದ. ಹೆಬ್ಬೆರಳನ್ನು ದೂರಿದ, ಅದನ್ನು ಪಂಚೆಗೆ ಒರೆಸಿ ಒರೆಸಿ ಕೆಂಪು ಮಾಡಿಕೊಂಡ. ಶಾಪಗಳೂ ದಿನದಿಂದ ದಿನಕ್ಕೆ ಬೆಳೆದವು. ಮಾಡಿದವನ ಮನೆಯಿಂದ ಶುರುವಾಗಿ ಅವನ ಅತ್ತೆ ಮಾವನ ತನಕ ಬಂದವು. ಮಾವ ಎಂದಾಗ ನಾನು ಕೆಮ್ಮಿ ನೀರು ಕುಡಿಯಬೇಕಾಯಿತು.

ಪಾತ್ರೆ ತೊಳೆಯುವಾಗ ನಾನು ಇವಳಿಗೆ ಪಿಸುಗುಟ್ಟಿದೆ. "ಅಡಿಯ ಸಾಲು ಓದಬೇಡಿ ಅಂತ ಹೇಳಿಬಿಡೇ. ಮುಗಿದೇ ಹೋಯ್ತು."

"ಹೇಳಿದೆ ರೀ. ಬರೆದಿರೋದು ಓದೋಕೆ ತಾನೇ ಅಂದ್ರು."

"ಹಾಗಾದ್ರೆ ನಿನ್ನ ಟೈಮಿಂಗೇ ಸರಿಯಿಲ್ಲ."

ಅದನ್ನು ಹೇಳಬಾರದಿತ್ತು. ಇವಳು ನಲ್ಲಿ ನಿಲ್ಲಿಸಿದಳು. "ನನ್ನ ಟೈಮಿಂಗ್ ಸರಿಯಾಗೇ ಇದೆ. ಆಫೀಸಿನವರನ್ನೆಲ್ಲ ಕೂರಿಸಿ ಓದಿಸಿ ನೋಡಿದ್ದೀನಿ. ಒಬ್ಬರಿಗೂ ಸಮಯ ಸಾಲದೆ ಹೋಗಲಿಲ್ಲ. ಆ ಸಹಾಯದ ನಂಬರನ್ನ ಯಾರೂ ಓದಲ್ಲ. ಆ ಫೋನು ನನ್ನ ಮೇಜಿನ ಮೇಲೇ ಇದೆ, ನಾನು ಸೇರಿದಾಗಿಂದ ಒಂದು ಸಲವೂ ಬಡ್ಕೊಂಡಿಲ್ಲ. ಅದರ ಮೇಲೆ ನಾನು ಊಟದ ಡಬ್ಬಿ ಇಡ್ತೀನಿ." ಬಟನ್ ಬಂದು ಸ್ವಲ್ಪ ಹೊತ್ತಿಗೆ ಹೋಗಿಬಿಡಬೇಕು ಎಂಬುದು ಅವಳ ಯಜಮಾನಿಯ ಅಪ್ಪಣೆಯಂತೆ. ಸ್ಲೈಡು ಕಾಯುತ್ತಾ ನಿಂತರೆ ಜನ ಫೋನ್ ಅಲ್ಲೇ ಬಿಟ್ಟು ಚಹಾ ಕುಡಿಯಲು ಹೋಗುತ್ತಾರಂತೆ.

ಆ ಯಜಮಾನಿಯ ಇನ್ನೊಂದು ಅಪ್ಪಣೆಯನ್ನೂ ಇಲ್ಲಿ ಹೇಳಿಬಿಡಬೇಕು. ಪಾಠ ತಯಾರಿಸುವವರು ಬೇರೆಯವರ ಪರವಾಗಿ ಪಾಠ ಮುಗಿಸಿಕೊಡುವಂತಿಲ್ಲ. ಹಿಂದೆ ಚಿತ್ರ ಬರೆಯುವವನೊಬ್ಬ ತನ್ನ ಭಾವಮೈದುನನಿಗಾಗಿ ಕೂತು ಒತ್ತಿಕೊಟ್ಟು, ಅದು ಗೊತ್ತಾಗಿ, ಅದೇ ಮಧ್ಯಾಹ್ನ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿದ್ದ. ಇವಳು ಅದನ್ನು ಕಣ್ಣಾರೆ ಕಂಡವಳು.

ಶನಿವಾರ ಅಪ್ಪ ಸಪ್ಪೆ ಮುಖ ಹಾಕಿಕೊಂಡು ಬಂದ. ಫೋನಿನಲ್ಲಿ ಪಾಸಾಗಲು ಭಾನುವಾರದ ತನಕ ಅವಕಾಶ. ಆಗದವರನ್ನು ಸೋಮವಾರ ಮಧ್ಯಾಹ್ನ ಗೋದಾಮಿನ ತರಬೇತಿ ಕೋಣೆಯಲ್ಲಿ, ಮೇಲ್ವಿಚಾರಕನ ಕಣ್ಣೆದುರು ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆ. ಅದು ಕಡೆಯ ಸಲ. ಅಲ್ಲೂ ಆಗದಿದ್ದರೆ ಟೇಪು.

ಅಂದು ಶಾಪ ಬರಲಿಲ್ಲ. ಅದೇ ನಮಗೆ ಹೆಚ್ಚು ಭಯ ತಂದಿತು. ಊಟ ಮುಗಿಸಿ, ಕೈ ತೊಳೆದು, ಅಪ್ಪ ಇವಳ ಎದುರು ಬಂದು ಕೂತ. ಫೋನನ್ನು ಮೇಜಿನ ಮೇಲೆ ಇವಳ ಕಡೆಗೆ ತಳ್ಳಿದ.

"ಅಮ್ಮಾ, ನಿಂಗೆ ಇವೆಲ್ಲ ಗೊತ್ತಾಗುತ್ತೆ. ನನ್ನ ಬದಲು ನೀನೇ ಒತ್ತಿಬಿಡ್ತೀಯಾ?"

ಇವಳು ಸುಮ್ಮನಾದಳು. ಫೋನನ್ನೇ ನೋಡುತ್ತಾ ಕೂತಳು. ನಮ್ಮಪ್ಪ ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ ಸ್ವಲ್ಪ ಸರೀರಿ ಎಂದು ಹೇಳಲೂ ಸಂಕೋಚಪಡುವ ಜಾತಿ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಫೋನನ್ನು ತನ್ನ ಕಡೆಗೆ ಎಳೆದುಕೊಂಡ. "ಬಿಡಮ್ಮ, ತಪ್ಪು ತಪ್ಪೇ. ಕೇಳಬಾರದಿತ್ತು," ಎಂದು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಇವಳ ಮುಖ ನೋಡಿದೆ. ಇವಳು ಬಾಗಿಲನ್ನು ನೋಡುತ್ತಿದ್ದಳು.

ಭಾನುವಾರ ಮನೆಯಲ್ಲಿ ಅಪ್ಪ ಏನನ್ನೂ ಓದಲಿಲ್ಲ. ಬಿಸ್ಕತ್ತಿನ ಪ್ಯಾಕೆಟ್ಟನ್ನು ಸುಮ್ಮನೆ ಹರಿದು ತಿಂದ.

ಸೋಮವಾರ ಬೆಳಗ್ಗೆ ಇವಳು ಕೂದಲು ಸರಿಯಾಗಿ ಬಾಚಿಕೊಳ್ಳದೆ ಆಫೀಸಿಗೆ ಓಡಿದಳು. ಯಜಮಾನಿಯ ಮುಂದೆ ನಿಂತು, ಗೋದಾಮಿನ ಪಾಠದಲ್ಲಿ ಸ್ಲೈಡು ತಾನಾಗಿ ಓಡಿಹೋಗುವುದನ್ನು ತೆಗೆದುಹಾಕಬೇಕು, ಒತ್ತುವ ತನಕ ಬಟನ್ ನಿಂತಿರಬೇಕು ಎಂದಳು.

"ಜನ ಚಹಾ ಕುಡಿಯೋಕೆ ಹೋಗ್ತಾರಮ್ಮಾ."

"ಕುಡೀಲಿ ಮೇಡಂ. ವಾಪಸ್ ಬಂದು ಒತ್ತುತ್ತಾರೆ."

'ತಡೀರಿ' ಎನ್ನದೆ ಇವಳು ಉತ್ತರ ಕೊಟ್ಟಿದ್ದು ಅದೇ ಮೊದಲಂತೆ. ಯಜಮಾನಿ ಬೆಚ್ಚಿ ಒಪ್ಪಿಕೊಂಡಳು. ಆದರೆ ಮಧ್ಯಾಹ್ನದೊಳಗೆ ಮುಗಿಸಬೇಕಿತ್ತು, ಸ್ಲೈಡುಗಳೋ ರಾಶಿ. ಇವಳು ಪ್ರತಿಯೊಂದನ್ನೂ ತೆರೆದು ಒಂದು ನಿಲುಗಡೆಯ ಗುರುತು ಹಾಕುತ್ತಾ ಹೋದಳು. ಸ್ಲೈಡು ಅಲ್ಲಿಗೆ ಬಂದು ನಿಂತು, ಒತ್ತುವ ತನಕ ಕಾಯಬೇಕು. ಈ ಕೆಲಸದಲ್ಲಿ ಒಂದೇ ಒಂದು ಎಚ್ಚರಿಕೆ: ಮೊದಲು ಬಟನ್ ಕಾಣಿಸಬೇಕು, ಆಮೇಲೆ ಸ್ಲೈಡು ನಿಲ್ಲಬೇಕು. ಇದು ತಿರುಗುಮುರುಗಾದರೆ, ಬಟನ್ ಬರುವ ಮೊದಲೇ ಸ್ಲೈಡು ನಿಂತುಬಿಡುತ್ತದೆ. ಯಾರಾದರೂ ಒತ್ತಲಿ ಎಂದು ಸ್ಲೈಡು ಕಾಯುತ್ತದೆ. ಸ್ಲೈಡು ಮುಂದೆ ಸಾಗಲಿ, ಆಮೇಲೆ ಬರುತ್ತೇನೆ ಎಂದು ಬಟನ್ ಕಾಯುತ್ತದೆ. ಹೊಸದಾಗಿ ಸೇರಿದವರು ಈ ತಪ್ಪು ಮಾಡಿದರೆ ಇವಳು ಮನೆಗೆ ಬಂದು ಅವರನ್ನು ಅಣಕಿಸಿ ನಗುತ್ತಿದ್ದಳು. ಅಂದು ಆತುರದಲ್ಲಿ, ಗಾಡಿಯನ್ನು ಹಿಂದಕ್ಕೆ ತೆಗೆಯುವ ಸ್ಲೈಡಿನಲ್ಲಿ, ಇವಳೇ ಅದನ್ನು ಮಾಡಿದಳು. ಮಾಡಿದ್ದು ಗೊತ್ತಾಗದೆ ಪಾಠವನ್ನು ಕಳಿಸಿಯೂ ಬಿಟ್ಟಳು.

ಮುಂದಿನದನ್ನು ನಾನು ನೋಡಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ. ಅಪ್ಪ ಬಳಸಿದ ಬೈಗುಳಗಳ ಲೆಕ್ಕ ಒಂದು ಬಿಟ್ಟು ಇಬ್ಬರ ಮಾತೂ ಹೊಂದುತ್ತದೆ.

ತರಬೇತಿ ಕೋಣೆ ತುಂಬಿತ್ತು. ಫೇಲಾದವನು ತಾನೊಬ್ಬನೇ ಎಂದುಕೊಂಡಿದ್ದ ಅಪ್ಪನಿಗೆ ಅಲ್ಲಿ ಅರ್ಧ ಗೋದಾಮೇ ಕೂತಿರುವುದು ಕಂಡು ಜೀವ ಬಂತು. ಪಾಠ ಶುರುವಾಯಿತು. ಅಪ್ಪ ಓದಿದ. ಸ್ಲೈಡು ಓಡಲಿಲ್ಲ. ಹಸಿರು ಬಟನ್ ಅಲ್ಲೇ ನಿಂತು ಅವನ ದಾರಿ ಕಾಯಿತು. ಹಕ್ಕುಗಳನ್ನು ಕಾಯ್ದಿರಿಸಿದ್ದನ್ನೂ ಪೂರ್ತಿ ಓದಿ ಒತ್ತಿದ, ಮುಂದಿನದು ಬಂತು. ಹೀಗೇ ಎಲ್ಲರೂ ಒಬ್ಬೊಬ್ಬರಾಗಿ ಹಿಂದಕ್ಕೆ ತೆಗೆಯುವ ಸ್ಲೈಡಿಗೆ ಬಂದರು. 'ಗಾಡಿಯನ್ನು ಹಿಂದಕ್ಕೆ ತೆಗೆಯುವ ಮುನ್ನ ನಿಲ್ಲಿ. ಸುತ್ತ ನೋಡಿ.' ಅಲ್ಲಿಗೆ ಇಡೀ ಕೋಣೆ ನಿಂತಿತು.

ಬಟನ್ ಇಲ್ಲ. ಒಬ್ಬ ಮೌಸನ್ನು ಮೇಜಿಗೆ ಕುಟ್ಟಿದ. ಇನ್ನೊಬ್ಬ ಕಂಡ ಕಂಡ ಕೀ ಎಲ್ಲ ಒತ್ತಿ ಪರದೆಯನ್ನೇ ತಲೆಕೆಳಗು ಮಾಡಿಕೊಂಡು ಕುತ್ತಿಗೆ ವಾಲಿಸಿ ಕೂತ. ಮೇಲ್ವಿಚಾರಕ ವೈರು ಕಿತ್ತು ಮತ್ತೆ ಸಿಕ್ಕಿಸಿದ. ಅಪ್ಪ ಮಾತ್ರ, ಬರೆದಿದ್ದ ಹಾಗೆ, ನಿಂತ. ನಿಜವಾಗಿಯೂ ಎದ್ದು ನಿಂತು ಸುತ್ತ ನೋಡಿದ. ಹಿಂದೆ ಕೂತಿದ್ದವನಿಗೆ "ಬ್ಯಾಗ್ ದಾರಿಯಿಂದ ತೆಗಿಯಪ್ಪಾ" ಎಂದ. ಮತ್ತೆ ಕೂತ. ಆಗಲೂ ಬಟನ್ ಬಾರದಿದ್ದರಿಂದ ಓದಲು ಉಳಿದಿದ್ದನ್ನು ಓದಿದ. ಅಡಿಯ ಸಾಲಿನ ಕೊನೆಯ ತನಕ ಹೋದ. ಸಹಾಯದ ನಂಬರು. ಮನೆಯಲ್ಲಿ ಆ ನಂಬರಿನ ಹತ್ತಿರ ಬರುವಷ್ಟರಲ್ಲಿ ಸ್ಲೈಡು ಓಡಿಹೋಗುತ್ತಿತ್ತು. ಇಂದು ಅದಕ್ಕೆ ಓಡಲು ಎಲ್ಲೂ ದಾರಿಯಿರಲಿಲ್ಲ. ಅಪ್ಪ ಒಂದೊಂದೇ ಅಂಕಿ ಜೋರಾಗಿ ಹೇಳುತ್ತಾ ಫೋನ್ ಹಚ್ಚಿದ.

ಇತ್ತ ಇವಳ ಮೇಜಿನ ಮೇಲೆ ಊಟದ ಡಬ್ಬಿ ನಡುಗಲು ಶುರುವಾಯಿತು. ಬನಿಯನ್ನಿನವನು ಗೂಡಿನಿಂದ ತಲೆ ಹೊರಹಾಕಿ ಇದೇನು ಸದ್ದು ಎಂದ. ಇವಳು ಡಬ್ಬಿ ಸರಿಸಿ ರಿಸೀವರ್ ಎತ್ತಿದಳು. ಎತ್ತಿದ್ದೇ ತಡ, ಆ ಕಡೆಯಿಂದ ಸುರಿಯಿತು.

"ಯಾರ್ರೀ ಅದು? ಬಟನ್ನೇ ಇಡ್ದೆ ಪಾಠ ಮಾಡಿದ್ದೀರಲ್ಲ, ತಲೆ ನೆಟ್ಟಗಿದೆಯಾ? ಮೊನ್ನೆ ಓದೋಕೆ ಬಿಡ್ತಿರ್ಲಿಲ್ಲ, ಇವತ್ತು ಹೋಗೋಕೆ ಬಿಡ್ತಿಲ್ಲ! ಇಲ್ಲಿ ನನ್ನ ಕೆಲಸ ಹೋಗ್ತಾ ಇದೆ. ಇದನ್ನ ಮಾಡಿದ್ದಾನಲ್ಲ, ಆ ಮಹಾಶಯನನ್ನ ಕರೀರಿ. ಅವನ ಮನೆ..."

ದನಿ ಇವಳಿಗೆ ಮೊದಲ ಮಾತಿಗೇ ಗುರುತು ಹತ್ತಿತ್ತು. ಇವಳು ತನ್ನ ಅಭ್ಯಾಸದಂತೆ ಸುಮ್ಮನಾದಳು.

ಆ ಕಡೆಯೂ ದನಿ ನಿಂತಿತು. ಅಪ್ಪ ಫೋನನ್ನು ಕಿವಿಗೆ ಇನ್ನೂ ಹತ್ತಿರ ಒತ್ತಿಕೊಂಡ. ಫೋನಿನಲ್ಲಿ ಬೈಸಿಕೊಂಡವರು ಸಾಮಾನ್ಯವಾಗಿ ಕ್ಷಮಿಸಿ ಎನ್ನುತ್ತಾರೆ, ಇಲ್ಲವೇ ತಿರುಗಿ ಬೈಯುತ್ತಾರೆ, ಇಲ್ಲವೇ ಇಟ್ಟುಬಿಡುತ್ತಾರೆ. ಈ ಥರ ಏನೂ ಮಾಡದೆ ಉಸಿರು ಮಾತ್ರ ಕೇಳಿಸುತ್ತಾ ನಿಲ್ಲುವವರು ಅವನಿಗೆ ಗೊತ್ತಿದ್ದುದು ಒಬ್ಬರೇ.

"ಅಮ್ಮಾ," ಎಂದ ಅಪ್ಪ ಮೆಲ್ಲಗೆ. "ನೀನೇನಮ್ಮಾ?"

"ಹೂಂ ಮಾವ. ನಾನೇ. ಅದನ್ನ ಮಾಡಿದ್ದೂ ನಾನೇ."

ಈಗ ಸುಮ್ಮನಾಗುವ ಸರದಿ ಅಪ್ಪನದು. ಅಷ್ಟು ದಿನ ಹಾಕಿದ ಶಾಪಗಳೆಲ್ಲ ಒಂದೊಂದಾಗಿ ನೆನಪಾದವಂತೆ, ಕಾಲಿನ ಕೆಳಗಿನ ನೆಲ ಬಾಯಿ ಬಿಡಬಾರದೇ ಅನ್ನಿಸಿತಂತೆ. ಆದರೆ ನಮ್ಮಪ್ಪ ಕೆಲಸದವನು. ಗಂಟಲು ಸರಿಮಾಡಿಕೊಂಡು ಕೇಳಿದ: "ಸರಿ. ಬಟನ್ ಎಲ್ಲಿ?"

"ನನ್ನ ತಪ್ಪು ಮಾವ. ಬರುತ್ತೆ. ಸ್ವಲ್ಪ ತಡೀರಿ."

ಅಪ್ಪ ಕೋಣೆಯ ಕಡೆ ತಿರುಗಿ, ಗೋದಾಮಿನ ತಿರುವಿನಲ್ಲಿ ಹಾರ್ನ್ ಹೊಡೆಯುವಷ್ಟೇ ಜೋರಾಗಿ ಹೇಳಿದ: "ಯಾರೂ ಏನೂ ಮುಟ್ಟಬೇಡ್ರೋ! ನಮ್ಮ ಸೊಸೆ ಬಟನ್ ಕಳಿಸ್ತಾ ಇದ್ದಾಳೆ!"

ಮೇಲ್ವಿಚಾರಕನ ಕೈಯಲ್ಲಿದ್ದ ವೈರು ಹಾಗೇ ಉಳಿಯಿತು. ಗಾಡಿ ಓಡಿಸುವ ಅಷ್ಟೂ ಜನ ಕೈ ಕಟ್ಟಿಕೊಂಡು ಪರದೆ ನೋಡುತ್ತಾ ಕೂತರು. ಇವಳು ಅಲ್ಲಿ ನಿಲುಗಡೆಯ ಗುರುತನ್ನು ಒಂದು ಉಗುರಿನಷ್ಟು ಮುಂದಕ್ಕೆ, ಬಟನ್ನಿನ ಆಚೆಗೆ, ಜರುಗಿಸಿ ಮತ್ತೆ ಕಳಿಸಿದಳು. ಪಾಠವನ್ನು ಮುಚ್ಚಿ ತೆರೆದಾಗ ಆ ಹಸಿರು ಬಟನ್ ಮೂಡಿತು. ಕೋಣೆಯೆಲ್ಲ ಶಿಳ್ಳೆ ಹೊಡೆಯಿತಂತೆ. ಅಷ್ಟು ಶಿಳ್ಳೆ ಗಿಟ್ಟಿಸಿದ 'ಮುಂದೆ' ಬಟನ್ ಜಗತ್ತಿನಲ್ಲಿ ಇನ್ನೊಂದು ಇರಲಾರದು. ಅಪ್ಪ ಪಾಸಾದ. ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ. ಆ ಪ್ರಶ್ನೆಯೇ ತಪ್ಪು ಎಂದು ಇಂದಿಗೂ ವಾದಿಸುತ್ತಾನೆ.

ಸಂಜೆ ಅಪ್ಪ ಬಂದು ಮೇಜಿನ ಮುಂದೆ ಕೂತ. ಇವಳು ಚಹಾ ತಂದಿಟ್ಟಳು. ನಗು ತಡೆಯಲಾಗದೆ ನಾನು ಗೋಡೆಯ ಕಡೆ ತಿರುಗಿದೆ.

"ಆ ಮನೆ ಹಾಳಾಗ ಅಂದಿದ್ದು," ಎಂದ ಅಪ್ಪ ಲೋಟಕ್ಕೆ ಹೇಳುವಂತೆ, "ವಾಪಸ್ ತಗೊಂಡೆ."

"ತಗೊಳ್ಳೇಬೇಕಲ್ಲಪ್ಪ," ಎಂದೆ ನಾನು. "ಬಾಡಿಗೆ ಮನೆ ಹುಡುಕೋಕೆ ನಂಗೆ ಪುರುಸೊತ್ತಿಲ್ಲ."

"ನೀನು ಬಾಯಿ ಮುಚ್ಚು. ಗೊತ್ತಿದ್ದೂ ಹೊಸ ಕನ್ನಡಕ ಹಾಕ್ಸಿದ ಗಿರಾಕಿ ನೀನು." ಅಪ್ಪ ಇವಳ ಕಡೆ ತಿರುಗಿದ. ದನಿ ಇಳಿಯಿತು. "ಒಂದು ಮಾತು ಕೇಳ್ತೀನಮ್ಮಾ. ಬೇಜಾರಿಲ್ಲ, ಸುಮ್ಮನೆ ಕೇಳ್ತಿದ್ದೀನಿ. ಮೊನ್ನೆ ನನ್ನ ಬದಲು ಒತ್ತಿಬಿಡು ಅಂದಾಗ ನೀನು ಸುಮ್ಮನಾದೆ. ಆಗಲ್ಲ ಅಂತ ತಾನೇ?"

ಇವಳು ಸುಮ್ಮನಾದಳು.

ಚಹಾ ಆರಿತು. ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿ, ಮತ್ತೆ ಶುರುಮಾಡಿ ಹೋದರು. ಅಪ್ಪನ ಕೈ ಒಮ್ಮೆ ಮೇಜಿನ ಅಂಚನ್ನು ಹಿಡಿಯಿತು, ಏಳುವವನ ಹಾಗೆ. ಆದರೆ ಏಳಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದ.

"ಹೂಂ ಅನ್ನೋಳಿದ್ದೆ ಮಾವ," ಎಂದಳು ಇವಳು. "ಅಷ್ಟರಲ್ಲಿ ನೀವು ಎದ್ದು ಹೋದ್ರಿ."

"ಒತ್ತಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಪಾಸಾದೆ ಅಂತ ಹೇಳೋಕೆ ಇವತ್ತು ಆ ನಂಬರಿಗೆ ಮತ್ತೆ ಫೋನ್ ಮಾಡಿದ್ದೆ, ನಿಮ್ಮ ಆಫೀಸಿನವರು ಯಾರೋ ಎತ್ತಿ ಹೇಳಿದ್ರು."

"ಹೋಗ್ತಿತ್ತು."

ಎರಡು ದಿನ ನಾನೂ ಇವಳನ್ನು ಕಲ್ಲು ಮನಸ್ಸಿನವಳು ಎಂದುಕೊಂಡಿದ್ದೆ. ಅಪ್ಪ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ.

"ಮುಂದಿನ ಸಲ ಸ್ವಲ್ಪ ಬೇಗ ಹೇಳು ತಾಯಿ," ಎಂದ ಕೊನೆಗೆ. "ನಿನ್ನ ಮೇಲೆ ಎರಡು ದಿನ ಕೋಪ ಮಾಡ್ಕೊಂಡಿರೋದು ನಂಗೆ ಎಷ್ಟು ಕಷ್ಟ ಆಯ್ತು ಗೊತ್ತಾ?"